ಕ್ಯಾತಣ್ಣ ಹುಲ್ಲು ಕಾಯ್ದದ್ದು

ಊರಿನ ಹೆಸರು ಹೇಳಿದರೆ ಆ ಊರಿನವರು ಜಗಳಕ್ಕೆ ಬರುತ್ತಾರೆ. ಅದಕ್ಕೇ ವೇದಾವತಿ ಹೊಳೆಯ ಈಚೆಗೆ ಒಂದು ಹಟ್ಟಿ ಅಂತ ಮಾತ್ರ ಹೇಳುತ್ತೇನೆ, ನೀವೂ ಕೆದಕಬೇಡಿ. ಆ ಹಟ್ಟಿಯಲ್ಲಿ ಬೊಮ್ಮಕ್ಕ ಅಂತ ಒಬ್ಬಳು ತಾಯಿ, ಅವಳಿಗೆ ಕ್ಯಾತಣ್ಣ ಅಂತ ಒಬ್ಬನೇ ಮಗ. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಮಗನಿಗೆ ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು.

ಹಾಗಂತ ಹುಡುಗ ಕೆಟ್ಟವನಲ್ಲ. ಸೋಮಾರಿಯೂ ಅಲ್ಲ. ಅವ್ವ ಹೇಳಿದ್ದನ್ನು ಒಂದಕ್ಷರ ಬಿಡದೆ ಮಾಡುತ್ತಿದ್ದ. ತೊಂದರೆ ಇದ್ದದ್ದೇ ಅಲ್ಲಿ. ಬಾಗಿಲು ನೋಡ್ಕೋ ಅಂದರೆ ಬಾಗಿಲನ್ನೇ ನೋಡುತ್ತಾ ಕೂರುತ್ತಿದ್ದ. ಹಿತ್ತಿಲ ಕಡೆಯಿಂದ ನಾಯಿ ಬಂದು ಮುದ್ದೆ ಕಚ್ಚಿಕೊಂಡು ಹೋದರೂ ಕತ್ತು ತಿರುಗಿಸುತ್ತಿರಲಿಲ್ಲ. ಒಲೆ ಕಡೆ ಕಣ್ಣಿಡು ಅಂದರೆ ಹುಬ್ಬು ಸುಟ್ಟುಕೊಂಡು ಬರುತ್ತಿದ್ದ. ಬೊಮ್ಮಕ್ಕ ಬಯ್ಯುವಳು, ಬಯ್ದು ಅಳುವಳು, ಅತ್ತು ಅವನ ಹುಬ್ಬಿಗೆ ಬೆಣ್ಣೆ ಹಚ್ಚುವಳು. ನಾನು ಕಣ್ಣು ಮುಚ್ಚಿದ ಮೇಲೆ ಇವನ ಗತಿ ಏನು ಅನ್ನೋದೊಂದೇ ಅವಳ ಚಿಂತೆ.

ಇದರ ಜೊತೆಗೆ ಹೊಲದ ಚಿಂತೆ. ಬಾವಿ ಪಕ್ಕದಲ್ಲಿ ಅವರದೊಂದು ಹೊಲ. ಆ ಹೊಲಕ್ಕೆ ಗಂಡನ ಕಾಲದಿಂದ ರಾಗಿ. ರಾಗಿ ಮೇಲೆ ರಾಗಿ, ಅದರ ಮೇಲೆ ಮತ್ತೂ ರಾಗಿ. ಮೊದಲು ಮುಷ್ಟಿಯಷ್ಟಿದ್ದ ತೆನೆ ಬರುಬರುತ್ತಾ ಇಲಿಬಾಲದ ಹಾಗಾಯಿತು. ಆ ಸಲದ ಸುಗ್ಗಿಗೆ ಕಣದಲ್ಲಿ ರಾಶಿ ಮಾಡಿದರೆ ರಾಶಿಗಿಂತ ಹೊಟ್ಟೇ ಹೆಚ್ಚು.

ಬೊಮ್ಮಕ್ಕನ ಅಣ್ಣ ಓಬಳಪ್ಪ ಹೊಳೆಯಾಚೆ ಊರಿನವನು, ಒಳ್ಳೆಯ ಬೇಸಾಯಗಾರ. ತಂಗಿ ಹೇಳಿ ಕಳಿಸಿದಳು ಅಂತ ಬಂದ. ಹೊಲದ ಮಣ್ಣು ಹಿಡಿಯಷ್ಟು ತೆಗೆದು ಅದುಮಿದ. ಬಿಟ್ಟರೆ ಬೂದಿಯ ಹಾಗೆ ಸುರಿದುಹೋಯಿತು.

"ತಂಗೀ, ಈ ನೆಲದಲ್ಲಿ ಸಾರ ಇಲ್ಲ. ಮೊದಲು ಇದಕ್ಕೆ ಸಾರ ಹಾಕಬೇಕು" ಅಂದ.

ಹಿಂದೆ ನಿಂತಿದ್ದ ಕ್ಯಾತಣ್ಣ ಕೇಳಿಸಿಕೊಂಡ.

ಮಾರನೆಯ ದಿನ ಬೊಮ್ಮಕ್ಕ ಹುರುಳಿಕಾಳಿನ ಸಾರು ಮಾಡಿಟ್ಟು, ಕೌಲಿಗೆ ನೀರು ಕುಡಿಸಲು ಬಾವಿಗೆ ಹೋದಳು. ಕೌಲಿ ಅಂದರೆ ಅವರ ಹಸು. ಅವರ ಮನೆಯಲ್ಲಿ ಹಾಲು, ಮಜ್ಜಿಗೆ, ಬೆಣ್ಣೆ ಅಂತ ಏನಿದ್ದರೂ ಅವಳಿಂದಲೇ. ತಿರುಗಿ ಬಂದು ನೋಡಿದರೆ ಒಲೆ ಮೇಲೆ ಮಡಕೆಯೂ ಇಲ್ಲ, ಮನೆಯಲ್ಲಿ ಮಗನೂ ಇಲ್ಲ. ಹೊಲಕ್ಕೆ ಓಡಿದಳು. ಕ್ಯಾತಣ್ಣ ಸಾಲು ಹಿಡಿದು ಸೌಟಿನಲ್ಲಿ ಸಾರು ಬಡಿಸುತ್ತಾ ಹೋಗುತ್ತಿದ್ದ. ಹಿಂದೆ ಊರ ನಾಯಿಗಳು ಪಂಕ್ತಿ ಕೂತ ಹಾಗೆ ನೆಕ್ಕುತ್ತಾ ಬರುತ್ತಿದ್ದವು.

"ಏನ್ಲಾ ಇದು?"

"ನೆಲಕ್ಕೆ ಸಾರು ಹಾಕ್ತಿದೀನಿ ಕಣವ್ವ. ಇಲ್ಲ ಅಂದನಲ್ಲ ಮಾವ."

ಬೊಮ್ಮಕ್ಕ ಬದುವಿನ ಮೇಲೆ ಕುಕ್ಕರಿಸಿದಳು. "ಸಾರ ಬೇರೆ, ಸಾರು ಬೇರೆ ಕಣೋ ಮಗನೆ. ನೆಲದ್ದು ನೆಲಕ್ಕೆ, ದನದ್ದು ದನಕ್ಕೆ, ಮನುಷ್ಯರದ್ದು ಮನುಷ್ಯರಿಗೆ. ಒಂದು ಪದಾರ್ಥ ಕೈಗೆ ಬಂದರೆ ಅದು ಯಾರದು ಅಂತ ತಿಳ್ಕೊಂಡು ಅವರಿಗೇ ಕೊಡಬೇಕು. ತಿಳೀತಾ?"

"ತಿಳೀತವ್ವ" ಅಂದ ಕ್ಯಾತಣ್ಣ. ಆ ದಿನ ಇಬ್ಬರೂ ಬರೀ ಮುದ್ದೆ ನುಂಗಿದರು.

ಓಬಳಪ್ಪ ಹೇಳಿದ ಸಾರದ ವಿಚಾರ ಹೀಗಿತ್ತು. ಹೊಲವನ್ನು ಎರಡು ಭಾಗ ಮಾಡುವುದು. ಮೂಡಲ ಭಾಗಕ್ಕೆ ಎರಡು ಮೂರು ಮಳೆಗಾಲ ರಾಗಿ ಬೇಡ. ಅಲ್ಲಿ ಒಮ್ಮೆ ಊರಿದರೆ ವರ್ಷವರ್ಷವೂ ಬುಡದಿಂದ ಚಿಗುರುವ ಅಂಜನ ಹುಲ್ಲು, ಅದರ ನಡುನಡುವೆ ಕುದುರೆಮೆಂತ್ಯ, ಅಲಸಂದೆ. ಕಾಳಿನ ಜಾತಿಯ ಬೇರು ನೆಲಕ್ಕೆ ಸಾರ ತುಂಬುತ್ತದೆ. ಹುಲ್ಲಿನ ಬೇರು ಆ ಮಣ್ಣನ್ನು ಹಿಡಿದು ಕೂರಿಸುತ್ತದೆ. ದನ ಮೇಯುತ್ತದೆ, ಸಗಣಿ ಹಾಕುತ್ತದೆ. ನೆಲ ಹದಕ್ಕೆ ಬಂದ ಮೇಲೆ ಆ ಭಾಗಕ್ಕೆ ರಾಗಿ, ಪಡುವಲ ಭಾಗಕ್ಕೆ ಹುಲ್ಲು.

ಹಟ್ಟಿಯವರು ನಕ್ಕರು. "ರಾಗಿ ಹೊಲಕ್ಕೆ ಹುಲ್ಲು ಬಿತ್ತೋರುಂಟಾ? ಹುಲ್ಲು ಕೀಳೋದರಲ್ಲೇ ನಮ್ಮ ಬೆನ್ನು ಬಾಗಿದೆ." ಬೊಮ್ಮಕ್ಕ ಯೋಚನೆ ಮಾಡಿದಳು. ಅರ್ಧ ಹೊಲದ ರಾಗಿ ಬಿಟ್ಟರೆ ಊಟಕ್ಕೆ ಏನು? ಆದರೆ ಇರುವ ರಾಗಿಯೂ ವರ್ಷವರ್ಷ ಕರಗುತ್ತಿದೆ. ಅಣ್ಣ ಸುಳ್ಳು ಹೇಳುವವನಲ್ಲ. ಆಗಲಿ ಅಂದಳು.

ಬೀಜ ತರಲು ಮಗನನ್ನು ಹೊಳೆಯಾಚೆ ಕಳಿಸಿದಳು. ಓಬಳಪ್ಪ ಹುಲ್ಲಿನ ಬೇರಿನ ಕಟ್ಟು ತಲೆ ಮೇಲೆ ಹೊರಿಸಿ, ಬೀಜದ ಚೀಲ ಹೆಗಲಿಗೆ ಹಾಕಿ, "ಇದು ಕುದುರೆಮೆಂತ್ಯ, ಜೋಪಾನ" ಅಂದ.

ಕ್ಯಾತಣ್ಣ ದಾರಿಯುದ್ದಕ್ಕೂ ಯೋಚನೆ ಮಾಡಿದ. ಪದಾರ್ಥ ಕೈಗೆ ಬಂದಿದೆ. ಯಾರದು ಅಂತ ತಿಳ್ಕೊಂಡು ಅವರಿಗೇ ಕೊಡಬೇಕು. ಹೆಸರೇ ಹೇಳುತ್ತಲ್ಲ ಯಾರದು ಅಂತ. ಹೊಳೆ ದಾಟಿ ಬಂದರೆ ಕುರಿ ಮಂದೆಯವರು ಬೀಡು ಬಿಟ್ಟಿದ್ದರು. ಅವರ ಗಂಟುಮೂಟೆ ಹೊರುವ ಗಿಡ್ಡ ಕುದುರೆಯೊಂದು ಬೇವಿನ ಮರದ ಕೆಳಗೆ ನಿಂತಿತ್ತು. ಕ್ಯಾತಣ್ಣನಿಗೆ ಬಹಳ ಸಂತೋಷವಾಯಿತು, ತಲೆ ಮೇಲಿನ ಕಟ್ಟು ಇಳಿಸಿ ಕುದುರೆಯ ಮುಂದೆ ಚೀಲ ಬಿಚ್ಚಿ ಹಿಡಿದ.

"ತಗೋಪ್ಪ, ನಿಂದು ನಮ್ಮ ಮಾವನ ಮನೇಲಿ ಉಳಿದಿತ್ತು."

ಕುದುರೆ ಬೇಡ ಅನ್ನಲಿಲ್ಲ. ಕುರುಬರವನು ಓಡಿ ಬಂದು ಬಿಡಿಸುವಷ್ಟರಲ್ಲಿ ಚೀಲ ಅರ್ಧವಾಗಿತ್ತು.

ಮನೆಗೆ ಬಂದ ಮೇಲೆ ಬೊಮ್ಮಕ್ಕ ಚೀಲ ಎತ್ತಿ ನೋಡಿದಳು, ಮಗನ ಮುಖ ನೋಡಿದಳು. ಕತೆ ಕೇಳಿ ಹಣೆ ಹಣೆ ಚಚ್ಚಿಕೊಂಡಳು. "ಹೆಸರಲ್ಲಿ ಕುದುರೆ ಇದ್ದರೆ ಕುದುರೆಗೆ ಹಾಕೋದಾ? ಇನ್ನೊಂದು ಸಲ ಯಾರಾದರೂ ಈ ಬೀಜಕ್ಕೆ ಬಾಯಿ ಹಾಕಿದರೆ, ಯಾರೇ ಆಗಲಿ, ಕೋಲು ತಗೊಂಡು ಓಡಿಸು. ಕನಿಕರ ಬೇಡ."

"ಓಡಿಸ್ತೀನವ್ವ" ಅಂದ ಕ್ಯಾತಣ್ಣ.

ಮಳೆ ಬಿತ್ತು. ನೆಲ ಹದವಾಯಿತು. ಬಿತ್ತನೆ ತೋರಿಸಿಕೊಡಲು ಓಬಳಪ್ಪ ತಾನೇ ಬಂದ. ಬದುವಿನ ಮೇಲೆ ಕೂತು ಚೀಲ ಬಿಚ್ಚಿ, ಬೀಜ ಗಟ್ಟಿಯಿದೆಯೋ ಮುಗ್ಗಿದೆಯೋ ನೋಡೋಣ ಅಂತ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಕಡಿದ.

ಕ್ಯಾತಣ್ಣ ಕೋಲು ತಗೊಂಡ.

ಮುಂದಿನದನ್ನು ಹಟ್ಟಿಯವರು ಬಹಳ ಕಾಲ ಹೇಳಿಕೊಂಡು ನಕ್ಕರು. ಓಬಳಪ್ಪ ಮುಂದೆ, ಕ್ಯಾತಣ್ಣ ಹಿಂದೆ. ರುಮಾಲು ಒಂದು ಕಡೆ, ಚಪ್ಪಲಿ ಒಂದು ಕಡೆ. "ಉಗುಳು ಮಾವ, ಉಗುಳಿದರೆ ಬಿಡ್ತೀನಿ" ಅಂತ ಇವನು. ಓಡುವವನಿಗೆ ಉಗುಳಲು ಎಲ್ಲಿ ಪುರುಸೊತ್ತು. ಹೊಳೆಯ ನಡುನೀರಲ್ಲಿ ನಿಂತು ಓಬಳಪ್ಪ ತಿರುಗಿ ಕೂಗಿದ: "ಬೊಮ್ಮೀ, ನಿನ್ನ ಹೊಲಕ್ಕೆ ನಾನು ಇನ್ನು ಕಾಲಿಡೋದಿಲ್ಲ. ನೀನುಂಟು, ನಿನ್ನ ಮಗ ಉಂಟು."

ಬೊಮ್ಮಕ್ಕ ಅವತ್ತು ಬಯ್ಯಲೂ ಇಲ್ಲ. ರುಮಾಲು ಎತ್ತಿ ಮಣ್ಣು ಕೊಡವಿದಳು. ತನಗೆ ಈ ಭೂಮಿ ಮೇಲೆ ಇದ್ದವನು ಅಣ್ಣ ಒಬ್ಬ. ಅವನನ್ನೂ ಓಡಿಸಿದ ಹಾಗಾಯಿತು. ಬಿತ್ತನೆ ತಾನೇ ಮಾಡಿದಳು, ತನಗೆ ತಿಳಿದಷ್ಟು. ಹುಲ್ಲಿನ ಬೇರು ಒಂದು ಸಾಲು, ಅಲಸಂದೆ ಒಂದು ಸಾಲು. ಕುದುರೆ ತಿಂದು ಉಳಿಸಿದ ಬೀಜ ಹೊಲಕ್ಕೆಲ್ಲ ಸಾಲದೆ, ಬಾವಿ ಕಡೆಯ ಮೂಲೆಯಲ್ಲೇ ಒತ್ತಾಗಿ ಸುರಿದಳು. ಸಾಯಂಕಾಲ ಮಗನನ್ನು ಎದುರಿಗೆ ಕೂರಿಸಿಕೊಂಡು ಮೆಲ್ಲಗೆ ಹೇಳಿದಳು:

"ಕ್ಯಾತಾ, ದೊಡ್ಡವರು ಹೊಲಕ್ಕೆ ಬಂದರೆ ಹೊಡೀಬಾರದಪ್ಪ. ಕೈಮುಗಿದು ಒಳಗೆ ಕರೆದು, ಹೊಟ್ಟೆ ತುಂಬ ತಿನ್ನಿ ಅಂತ ಉಪಚಾರ ಮಾಡಬೇಕು."

"ಮಾಡ್ತೀನವ್ವ."

ಹುಲ್ಲು ಹುಟ್ಟಿತು. ಗೇಣುದ್ದ ಬಂತು. ಆ ಸೀಮೆಯಲ್ಲಿ ದೇವರ ಎತ್ತುಗಳು ಅಂತ ಇರುತ್ತವೆ. ಅವನ್ನು ನೊಗಕ್ಕೆ ಹೂಡುವುದಿಲ್ಲ, ಯಾರೂ ಹೊಡೆಯುವುದಿಲ್ಲ, ಮಂದೆ ಕಟ್ಟಿಕೊಂಡು ಊರಿಂದೂರಿಗೆ ಮೇಯುತ್ತಾ ಹೋಗುತ್ತವೆ. ಅಂಥ ಮಂದೆಯೊಂದು ಒಂದು ಬೆಳಗ್ಗೆ ಹೊಲದ ಬೇಲಿಯ ಹತ್ತಿರ ಬಂತು. ಮುಂದಿದ್ದ ಎತ್ತು ಆನೆಯಷ್ಟಿತ್ತು. ಕ್ಯಾತಣ್ಣ ತಲೆಯೆತ್ತಿ ನೋಡಿದ. ಇದಕ್ಕಿಂತ ದೊಡ್ಡವರು ಯಾರಿದ್ದಾರೆ? ಬೇಲಿ ತೆಗೆದ. ಕೈಮುಗಿದ. "ಬನ್ನಿ, ಸಂಕೋಚ ಬೇಡ, ಹೊಟ್ಟೆ ತುಂಬ ತಿನ್ನಿ" ಅಂದ. ಹಿಂದಿದ್ದವು ಸ್ವಲ್ಪ ಸಣ್ಣವು. ಅವನ್ನೂ ದೊಡ್ಡವರ ಜೊತೆಗೆ ಬಂದವರಲ್ಲ ಅಂತ ಕರೆದ.

ಬೊಮ್ಮಕ್ಕ ಬಂದಾಗ ಹೊಲ ಕ್ಷೌರ ಮಾಡಿಸಿಕೊಂಡು ಕೂತ ಹಾಗಿತ್ತು. ದೇವರ ಎತ್ತು, ಬಯ್ಯುವ ಹಾಗಿಲ್ಲ. ಮಗನಾದರೋ ಬೆವರು ಒರೆಸಿಕೊಂಡು, "ಒಬ್ಬರೂ ಬೇಡ ಅನ್ನಲಿಲ್ಲ ಕಣವ್ವ" ಅಂತ ಹೆಮ್ಮೆಯಿಂದ ನಿಂತಿದ್ದ.

"ಹೋಯಿತು, ಎಲ್ಲ ಹೋಯಿತು" ಅಂತ ಅವಳು ಅಂದುಕೊಂಡಳು. ಆದರೆ ಹೋಗಿರಲಿಲ್ಲ. ವಾರ ಕಳೆದು ನೋಡಿದರೆ ಕಚ್ಚಿದ ಪ್ರತಿಯೊಂದು ಬುಡದಲ್ಲೂ ಹೊಸ ಮೊಳಕೆ. ಒಂದು ಕಡ್ಡಿ ಇದ್ದ ಕಡೆ ಹಿಡಿಯಷ್ಟು ಕಡ್ಡಿ. ಎತ್ತುಗಳು ಹಾಕಿಹೋದ ಸಗಣಿ ಸುತ್ತ ಕಡುಹಸಿರು. ಬೊಮ್ಮಕ್ಕ ಕೂತು ಆ ಬುಡಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ರಾಗಿಯನ್ನು ದನ ಮೇಯ್ದರೆ ಮುಗಿಯಿತು. ಇದು ಮೇಯ್ದರೂ ಬರುತ್ತದೆಯಲ್ಲ, ಎಂಥ ಜೀವ ಇದು ಅನ್ನಿಸಿತು.

ಮನೆಗೆ ಬಂದು ಮಗನಿಗೆ ಅಂದಳು: "ಮೇಯೋಕೆ ಬಿಡೋದಕ್ಕೂ ಒಂದು ಹೊತ್ತಿದೆ ಕ್ಯಾತಾ. ಹುಲ್ಲು ಮೊಣಕಾಲಿಗೆ ಬರಬೇಕು. ಮೊಣಕಾಲಿಗೆ ಬಂದ ಮೇಲೇ ದನ ಬಿಡೋದು. ಅಲ್ಲೀತನಕ ದೇವರೇ ಬಂದರೂ ಬೇಡ."

ಕ್ಯಾತಣ್ಣ ದಿನಾ ಹೋಗಿ ಹುಲ್ಲಿನ ಪಕ್ಕ ನಿಂತು ನೋಡುವನು. ಹುಲ್ಲು ಕಣಕಾಲಿಗೆ ಬಂದಿದೆ, ಮೊಣಕಾಲಿಗೆ ಬಂದಿಲ್ಲ. ದಿನಾ ನೋಡಿ ನೋಡಿ ಕಾಲು ನೊಂದವು. ಒಂದು ಬೆಳಗ್ಗೆ, ಇನ್ನೂ ಇಬ್ಬನಿ ಆರಿರಲಿಲ್ಲ, ಬಾವಿ ಕಡೆಯ ಮೂಲೆಯಲ್ಲಿ ಮಂಡಿಯೂರಿ ಕೂತುಕೊಂಡ. ಬಗ್ಗಿ ನೋಡಿದರೆ ಹುಲ್ಲು ಮೊಣಕಾಲು ದಾಟಿ ತೊಡೆಯವರೆಗೆ ಬಂದುಬಿಟ್ಟಿದೆ. ಓಡಿಹೋಗಿ ಕೌಲಿಯನ್ನು ಬಿಚ್ಚಿ ತಂದು ಅಲ್ಲಿಗೇ ಬಿಟ್ಟ.

ಆ ಮೂಲೆಯಲ್ಲಿದ್ದದ್ದು ಬರೀ ಕುದುರೆಮೆಂತ್ಯ. ಎಳೆಯದು, ಮೃದುವಾದದ್ದು, ಮೇಲಿಂದ ಇಬ್ಬನಿ. ಹಸಿದ ಹೊಟ್ಟೆಯಲ್ಲಿ ಬಂದ ಕೌಲಿ ತಲೆಯೆತ್ತದೆ ಮೇಯ್ದಳು. ಬಿಸಿಲು ಏರುವ ಹೊತ್ತಿಗೆ ಎಡಗಡೆಯ ಹೊಟ್ಟೆ ಉಬ್ಬಿ ತಮಟೆಯಾಯಿತು. ಬಾಯಲ್ಲಿ ನೊರೆ, ಕಾಲು ಝಾಡಿಸುವಳು, ಮಲಗಲು ಹವಣಿಸುವಳು.

ಬೊಮ್ಮಕ್ಕ ಬಂದು ನೋಡಿದಳು. ಉಬ್ಬರ ಬಂದ ದನ ಮಲಗಿದರೆ ಏಳುವುದಿಲ್ಲ ಅಂತ ಅವಳಿಗೆ ಗೊತ್ತು. ಮನೆಗೆ ಓಡಿ ಕಡಲೆಕಾಯಿ ಎಣ್ಣೆ ತಂದು ಬಿದಿರಿನ ಗೊಟ್ಟದಲ್ಲಿ ಕುಡಿಸಿದಳು. ಬೇವಿನ ಕೋಲು ಮುರಿದು ಕಡಿವಾಣದ ಹಾಗೆ ಬಾಯಿಗೆ ಅಡ್ಡ ಕಟ್ಟಿದಳು. ಹಗ್ಗ ಮಗನ ಕೈಗೆ ಕೊಟ್ಟು, "ನಡೆಸು. ನಿಲ್ಲಿಸಬೇಡ. ಏನಾದರೂ ಆಗಲಿ, ನಿಲ್ಲಿಸಬೇಡ. ನಾನು ಇನ್ನಷ್ಟು ಎಣ್ಣೆ ತರ್ತೀನಿ" ಅಂತ ಹಟ್ಟಿ ಕಡೆ ಓಡಿದಳು.

ಮನೆಮನೆ ಬಾಗಿಲು ತಟ್ಟಿ ಎಣ್ಣೆ ಕೂಡಿಸಿಕೊಂಡು ಬಂದರೆ ಹೊಲದಲ್ಲಿ ಹಸುವೂ ಇಲ್ಲ, ಮಗನೂ ಇಲ್ಲ.

ಬದು ಹುಡುಕಿದಳು, ಬಾವಿ ಇಣುಕಿದಳು. ಗೊರಸಿನ ಗುರುತು ಹೊಳೆ ಕಡೆ ಹೋಗಿತ್ತು. ಎಣ್ಣೆ ಗಿಂಡಿ ಸೆರಗಲ್ಲಿ ಕಟ್ಟಿಕೊಂಡು ಅದೇ ದಾರಿ ಹಿಡಿದಳು. ಹಸು ಎಲ್ಲಿ ಬಿದ್ದಿದೆಯೋ, ಅದರ ಪಕ್ಕ ಮಗ ಎಲ್ಲಿ ಕೂತು ಅಳುತ್ತಿದ್ದಾನೋ ಅಂತ ಪ್ರತಿ ತಿರುವಿನಲ್ಲೂ ಇಣುಕಿ ನೋಡುವಳು. ಹೊಳೆ ದಾಟಿದಳು. ಇಳಿಹೊತ್ತಿಗೆ ಅಣ್ಣನ ಊರೇ ಬಂತು.

ಓಬಳಪ್ಪನ ಮನೆ ಮುಂದೆ ಜನ ಸೇರಿತ್ತು. ನಡುವೆ ಕ್ಯಾತಣ್ಣ ಹಗ್ಗ ಹಿಡಿದು ಕಣದ ಸುತ್ತ ಸುತ್ತುತ್ತಿದ್ದ. ಹಿಂದೆ ಕೌಲಿ, ಹೊಟ್ಟೆ ಇಳಿದು, ಕಿವಿ ಅಲ್ಲಾಡಿಸುತ್ತಾ, ಸಾಕಪ್ಪ ಅನ್ನುವ ಮುಖದಲ್ಲಿ. ಅವನ ಅಂಗಾಲು ಒಡೆದಿತ್ತು. ಪಕ್ಕದಲ್ಲಿ ಓಬಳಪ್ಪ ಜೊತೆಜೊತೆಗೇ ನಡೆಯುತ್ತಾ ಬೇಡಿಕೊಳ್ಳುತ್ತಿದ್ದ:

"ಉಬ್ಬರ ಇಳಿದು ಬಹಳ ಹೊತ್ತಾಯಿತು ಕಣೋ. ನಿಲ್ಲಿಸೋ."

"ಅವ್ವ ನಿಲ್ಲಿಸಬೇಡ ಅಂದವಳೆ."

"ನಾನು ಹೇಳ್ತಿದೀನಲ್ಲ."

"ನೀನು ಅವ್ವ ಅಲ್ಲ ಮಾವ."

ಬೊಮ್ಮಕ್ಕ ಗುಂಪು ಸೀಳಿಕೊಂಡು ಹೋಗಿ, "ಸಾಕು, ನಿಲ್ಲಿಸು" ಅಂದಳು. ಕ್ಯಾತಣ್ಣ ನಿಂತ. ನಿಂತವನು ಹಾಗೇ ಕುಸಿದು ಕೂತ. ಅವಳು ಹಸುವಿನ ಹೊಟ್ಟೆ ಮುಟ್ಟಿದಳು, ಆಮೇಲೆ ಮಗನ ಕಾಲು ಮುಟ್ಟಿದಳು. ಸೆರಗಲ್ಲಿದ್ದ ಎಣ್ಣೆ ಗಿಂಡಿ ಬಿಚ್ಚಿ ಅವನ ಅಂಗಾಲಿಗೆ ಹಚ್ಚಿದಳು.

ಓಬಳಪ್ಪ ನೋಡಿ ಹೇಳಿದ. "ಬುದ್ಧಿವಂತ ಆಗಿದ್ದರೆ ಅರ್ಧ ದಾರೀಲಿ ನೆರಳು ಕಂಡ ಕಡೆ ಕೂತಿರೋನು. ಹಸು ಅಲ್ಲೇ ಮಲಗಿಬಿಡೋದು. ಇವನಾಗಿದ್ದಕ್ಕೆ ಉಳೀತು." ಕೋಲಿನ ವಿಷಯ ಅವನು ಎತ್ತಲಿಲ್ಲ. ಬೊಮ್ಮಕ್ಕ ಸಂಕೋಚದಿಂದ, "ರುಮಾಲು ಒಗೆದಿಟ್ಟಿದೀನಿ ಅಣ್ಣ" ಅಂದಳು. ಅವನಿಗೆ ನಗು ಬಂತು. ರಾತ್ರಿಗೆ ಅಲ್ಲೇ ಊಟವಾಯಿತು.

ಬೆಳಗ್ಗೆ ಹೊರಡುವಾಗ ಓಬಳಪ್ಪ ಹೇಳಿದ: "ಕಾಳಿನ ಗಿಡ ಒಂದನ್ನೇ ಹಸಿದ ಹೊಟ್ಟೆಗೆ ಮೇಯಿಸಿದರೆ ಉಬ್ಬರವೇ. ಹುಲ್ಲಿನ ಜೊತೆ ಕಲೆತಿದ್ದರೆ ಅಷ್ಟು ಭಯ ಇಲ್ಲ. ಆ ಮೂಲೇಲಿ ಹುಲ್ಲೂ ಊರಿಸು. ಕೇಳಿದೆಯೇನೋ ಕ್ಯಾತಾ? ಯಾವುದನ್ನೂ ಒಂದನ್ನೇ ಕೊಡಬಾರದು. ಎರಡು ಬೆರೆಸಿ ಕೊಡಬೇಕು."

"ಬೆರೆಸ್ತೀನಿ ಮಾವ."

ಬೊಮ್ಮಕ್ಕ ಮಾರನೆಯ ದಿನ ಹೊಲದಲ್ಲಿ ಹುಲ್ಲು ಊರಿ ಬರುವಷ್ಟರಲ್ಲಿ ಮನೆಯಲ್ಲಿ ಯಾವುದೂ ಒಂಟಿಯಾಗಿ ಉಳಿದಿರಲಿಲ್ಲ. ಹಾಲಿಗೆ ಮಜ್ಜಿಗೆ ಬೆರೆತಿತ್ತು. ರಾಗಿಗೆ ಹುರುಳಿ ಬೆರೆತಿತ್ತು. ಉಪ್ಪಿಗೆ ಬೆಲ್ಲ ಬೆರೆತಿತ್ತು. ದೀಪದ ಎಣ್ಣೆಗೆ ನೀರು ಬೆರೆತಿತ್ತು. ಪಕ್ಕದ ಮನೆಯ ಕೋಳಿಗಳೂ ಇವರ ಕೋಳಿಗಳ ಜೊತೆ ಒಂದೇ ಬುಟ್ಟಿಯಲ್ಲಿ ಬೆರೆತು ಕಿತ್ತಾಡುತ್ತಿದ್ದವು.

ಬೊಮ್ಮಕ್ಕ ಮೊರ ತಗೊಂಡು ಕೂತು ರಾಗಿ ಬೇರೆ, ಹುರುಳಿ ಬೇರೆ ಮಾಡುತ್ತಾ ಬಹಳ ಹೊತ್ತು ಯೋಚಿಸಿದಳು. ಇಷ್ಟು ವರ್ಷ ತಾನು ಇವನಿಗೆ ಅರ್ಧ ಮಾತು ಹೇಳಿ ಉಳಿದರ್ಧ ಅವನೇ ತಿಳ್ಕೊಳ್ಳಲಿ ಅಂತ ಬಿಡುತ್ತಿದ್ದಳು. ಈ ಮಗನಿಗೆ ಪೂರ್ತಿ ಮಾತು ಹೇಳಬೇಕು. ಹೇಳಿದರೆ, ಪೂರ್ತಿ ಮಾಡುತ್ತಾನೆ. ಊರಲ್ಲಿ ಪೂರ್ತಿ ಮಾಡುವವರು ಬೇರೆ ಯಾರಿದ್ದಾರೆ?

ಬೆಳಗ್ಗೆ ಅವನನ್ನು ಹೊಲಕ್ಕೆ ಕರೆದುಕೊಂಡು ಹೋದಳು. ಮುಳ್ಳಿನ ಬೇಲಿ ಎಳೆದು ಹುಲ್ಲುಹೊಲವನ್ನು ಪಟ್ಟಿ ಪಟ್ಟಿ ಮಾಡಿದಳು. ಒಂದು ಗೂಟ ನೆಟ್ಟಳು, ಮೊಣಕಾಲೆತ್ತರ.

"ನೋಡು. ಹುಲ್ಲು ಈ ಗೂಟದ ತಲೆ ಮುಟ್ಟಿದ ಮೇಲೆ ಕೌಲಿ ಒಳಗೆ. ಇಬ್ಬನಿ ಆರಿರಬೇಕು. ಒಣಹುಲ್ಲು ಒಂದಿಷ್ಟು ತಿಂದಿರಬೇಕು. ಮೇಯ್ದು ಮೇಯ್ದು ಪೂರ್ತಿ ಬೋಳಾಗೋ ಮುಂಚೆ ಅಲ್ಲಿಂದ ಎಬ್ಬಿಸಿ ಪಕ್ಕದ ಪಟ್ಟಿಗೆ ಹಾಕು. ಬಿಟ್ಟುಬಂದ ಪಟ್ಟಿಗೆ ಮುಳ್ಳು ಮುಚ್ಚು, ನೀರು ಬಿಡು. ಅದು ಚಿಗುರೋತನಕ ಯಾರಿಗೂ ಮುಟ್ಟೋಕೆ ಬಿಡಬೇಡ. ಹೊಲಕ್ಕೆ ಹೇಳಿದ್ದು ಹೊಲಕ್ಕೆ ಮಾತ್ರ."

ಕ್ಯಾತಣ್ಣ ಮಾಡಿದ. ಅಂದೂ ಮಾಡಿದ, ಮಾರನೆಯ ದಿನವೂ ಮಾಡಿದ, ಆ ಮಳೆಗಾಲವೆಲ್ಲ ಮಾಡಿದ. ಹಟ್ಟಿಯವರು ಬಂದು, "ಇನ್ನೊಂದು ದಿನ ಮೇಯಲಿ ಬಿಡೋ, ಇನ್ನೂ ಹುಲ್ಲಿದೆಯಲ್ಲ" ಅಂದರೆ ಕೇಳುವನಲ್ಲ. "ಗೂಟದ ತಲೆಗೆ ಒಂದು ಬೆರಳಷ್ಟೇ ಕಮ್ಮಿ, ಬಿಡು ಮಾರಾಯ" ಅಂದರೆ ಬಿಡುವನಲ್ಲ. ಎಲ್ಲರ ಹಾಗೆ ಆಸೆಪಟ್ಟು ಹುಲ್ಲನ್ನು ಬುಡಮಟ್ಟ ಮೇಯಿಸುವುದು ಅವನಿಗೆ ಬರುತ್ತಿರಲಿಲ್ಲ. ಆಸೆ ಪಡು ಅಂತ ಅವ್ವ ಹೇಳಿರಲಿಲ್ಲವಲ್ಲ.

ಕೌಲಿ ಮೈ ತುಂಬಿಕೊಂಡು ಕರು ಹಾಕಿದಳು. ಮನೆಯಲ್ಲಿ ಹಾಲು ಹೆಚ್ಚಿತು. ಪಡುವಲ ಭಾಗದ ರಾಗಿ ಕಮ್ಮಿಯಾದರೂ ಮಜ್ಜಿಗೆ, ತುಪ್ಪ ಕೈಬದಲಾಗಿ ಅಕ್ಕಪಕ್ಕದ ಮನೆಯಿಂದ ರಾಗಿ ಬಂತು. ಮತ್ತೊಂದು ಮಳೆಗಾಲ ಕಳೆಯಿತು, ಇನ್ನೊಂದೂ ಕಳೆಯಿತು. ಬೊಮ್ಮಕ್ಕ ಹುಲ್ಲಿನ ಬುಡ ಸರಿಸಿ ಮಣ್ಣು ತೆಗೆದು ಅದುಮಿದಳು. ಕೈಯಲ್ಲಿ ಉಂಡೆಯಾಗಿ ನಿಂತಿತು. ಬಣ್ಣ ಕಪ್ಪಾಗಿತ್ತು. ನಡುವಿಂದ ಒಂದು ಎರೆಹುಳು ಬೆರಳಿನ ಮೇಲೆ ಬಂತು. ಅವಳು ಅದನ್ನು ಮೆಲ್ಲಗೆ ವಾಪಸ್ಸು ಇಟ್ಟಳು.

ಆ ವರ್ಷ ಓಬಳಪ್ಪ ಎತ್ತು, ನೇಗಿಲು ತಗೊಂಡು ಬಂದ. ಮೂಡಲ ಭಾಗ ಉತ್ತು ರಾಗಿಗೆ, ಪಡುವಲ ಭಾಗ ಹುಲ್ಲಿಗೆ. ಕ್ಯಾತಣ್ಣ ಎತ್ತಿನ ಮುಂದೆ ಹೋಗಿ ಮಲಗಿಕೊಂಡುಬಿಟ್ಟ. ಹೊಡೆಯಲು ಕೋಲು ಹಿಡಿಯಲಿಲ್ಲ, ಬರೀ ಹುಲ್ಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮಲಗಿದ. ಕಣ್ಣಲ್ಲಿ ನೀರು.

"ಯಾರಿಗೂ ಮುಟ್ಟೋಕೆ ಬಿಡಬೇಡ ಅಂದಿದ್ದೆಯಲ್ಲವ್ವ."

ಬೊಮ್ಮಕ್ಕ ಅವನ ಪಕ್ಕ ಕೂತಳು. ಎಂದೂ ಅವನಿಗೆ ಹೀಗೆ ದುಃಖವಾದದ್ದನ್ನು ಅವಳು ನೋಡಿರಲಿಲ್ಲ. "ಹುಲ್ಲು ಸಾಯೋದಿಲ್ಲ ಮಗ. ಮಣ್ಣಿನೊಳಗೆ ಹೋಗುತ್ತೆ. ಮುಂದಿನ ತಿಂಗಳು ರಾಗಿಯಾಗಿ ಎದ್ದು ಬರುತ್ತೆ. ಅದರ ಬೇರಿನ ಸಾರವೆಲ್ಲ ರಾಗಿಗೆ ಹೋಗುತ್ತೆ. ನೀನೇ ನೋಡುವೆಯಂತೆ."

"ಬಂದೇ ಬರುತ್ತಾ?"

"ಬಂದೇ ಬರುತ್ತೆ."

ಅವನು ಎದ್ದು ದಾರಿ ಬಿಟ್ಟ. ರಾಗಿ ಮೊಳೆತ ದಿನ ಓಡಿಬಂದು, "ಅವ್ವ, ಹುಲ್ಲು ಬಂತು. ರಾಗಿ ವೇಷ ಹಾಕ್ಕೊಂಡು ಬಂತು" ಅಂತ ಊರಿಗೆಲ್ಲ ಹೇಳಿದ. ಎಂಥ ರಾಗಿ ಅಂತೀರಿ. ಸೊಂಟದೆತ್ತರ ಪೈರು, ಮಗುವಿನ ಮುಷ್ಟಿಯಂಥ ತೆನೆ. ನಕ್ಕಿದ್ದ ಹಟ್ಟಿಯವರೇ ಬಂದು ಬದುವಿನ ಮೇಲೆ ನಿಂತು, ಯಾವ ಹುಲ್ಲು, ಯಾವ ಕಾಳು, ಎಷ್ಟು ಕಾಲ ಬಿಡಬೇಕು ಅಂತ ಕೇಳಿಕೊಂಡು ಹೋದರು.

ಹೊಳೆಯಾಚೆಗೂ ಸುದ್ದಿ ಹೋಯಿತು. ಓಬಳಪ್ಪನ ಊರಿನ ಕಾಟಯ್ಯನಿಗೆ ಜುಂಜಮ್ಮ ಅಂತ ಮಗಳು. ಮೇಕೆ ಸಾಕಿಕೊಂಡಿದ್ದವಳು, ಮೇವಿನ ಕಷ್ಟ ಗೊತ್ತಿದ್ದವಳು. ಕಣದ ಸುತ್ತ ಹಸು ಹಿಡಿದು ಸುತ್ತಿದ ಹುಡುಗನನ್ನು ಅವತ್ತೇ ನೋಡಿದ್ದಳು. ಕ್ಯಾತಣ್ಣನಿಗೆ ನಿನ್ನ ಮಗಳನ್ನು ಕೊಡ್ತೀಯಾ ಅಂತ ಓಬಳಪ್ಪ ಮಾತು ತೆಗೆದಾಗ ಕಾಟಯ್ಯ ತಲೆ ಕೆರೆದುಕೊಂಡ. "ಹುಡುಗ ಸ್ವಲ್ಪ ಹಾಗಂತಲ್ಲ?" ಅಂದ. ಮಗಳು, "ಮನೆ ನೋಡೋಕೆ ನಾನೂ ಬರ್ತೀನಿ" ಅಂದಳು. ಹೆಣ್ಣು ಹೋಗುವುದು ವಾಡಿಕೆಯಲ್ಲ. ಆದರೂ ಹೊರಟಳು.

ಬೊಮ್ಮಕ್ಕ ಅಡುಗೆಗೆ ನಿಂತಳು. ಹೊಸ ರಾಗಿಯ ಮುದ್ದೆ, ಅವರೆಕಾಳು ಸಾರು, ಹೋಳಿಗೆ, ತುಪ್ಪ. ಹಿಟ್ಟಿನ ಕೈಯಲ್ಲೇ ಮಗನನ್ನು ಕರೆದಳು. ಇವತ್ತು ಪೂರ್ತಿ ಮಾತು ಹೇಳಬೇಕು ಅಂತ ಜ್ಞಾಪಕವಿತ್ತು. ಆದರೆ ಒಲೆ ಉರಿಯುತ್ತಿತ್ತು, ಬಾಗಿಲಲ್ಲಿ ನೆಂಟರ ಗಾಡಿ ನಿಂತಿತ್ತು. ಗಡಿಬಿಡಿಯಲ್ಲಿ ಅಂದುಬಿಟ್ಟಳು:

"ಹೆಚ್ಚು ಮಾತಾಡಬೇಡ. ಹೊಲದಲ್ಲಿ ಕೌಲಿನ ಹೆಂಗೆ ನೋಡ್ಕೋತೀಯೋ ಹಂಗೇ ಬಂದೋರನ್ನ ನೋಡ್ಕೋ. ಅಷ್ಟು ಸಾಕು."

ನೆಂಟರು ಪಂಕ್ತಿಯಲ್ಲಿ ಕೂತರು. ಮುತ್ತುಗದ ಎಲೆ ಹಾಕಿ ಬಡಿಸಿದ್ದಾಯಿತು. ಕ್ಯಾತಣ್ಣ ಗೋಡೆಗೊರಗಿ ನಿಂತು ಎಲೆಗಳನ್ನೇ ನೋಡುತ್ತಿದ್ದ. ಕಾಟಯ್ಯ ಮುದ್ದೆ ಅರ್ಧ ಮುಗಿಸಿ ಹೋಳಿಗೆಗೆ ಕೈ ಹಾಕಿದ್ದಷ್ಟೇ, ಕ್ಯಾತಣ್ಣ ಬಂದು ಅವನ ರಟ್ಟೆ ಹಿಡಿದು ಎಬ್ಬಿಸಿದ.

"ಏಳಿ. ಬೋಳಾಗೋ ಮುಂಚೆ ಪಕ್ಕದ ಎಲೆಗೆ ಹೋಗಿ."

ಕಾಟಯ್ಯ ಗಾಬರಿಯಲ್ಲಿ ಪಕ್ಕಕ್ಕೆ ಸರಿದ. ಅಲ್ಲಿದ್ದವನನ್ನು ಕ್ಯಾತಣ್ಣ ಅದರ ಪಕ್ಕಕ್ಕೆ ಎಬ್ಬಿಸಿದ. ಹಾಗೇ ಸಾಲಿಗೆ ಸಾಲೇ ಎದ್ದು ಸರಿಯಿತು. ತುದಿಯಲ್ಲಿದ್ದ ಓಬಳಪ್ಪ ಸರಿಯಲು ಎಲೆಯಿಲ್ಲದೆ, ಹೇಗಾದರೂ ಆಗಲಿ ಅಂತ ಬರೀ ನೆಲದ ಮುಂದೆ ಕೂತ. ಕ್ಯಾತಣ್ಣ ಹಿತ್ತಿಲಿಗೆ ಹೋಗಿ ಜಾಲಿಮುಳ್ಳು ತಂದು ಕಾಟಯ್ಯ ಬಿಟ್ಟೆದ್ದ ಎಲೆಯ ಮೇಲೆ ಮುಚ್ಚಿದ. ಚೊಂಬಿನಲ್ಲಿ ನೀರು ತಂದು ಚಿಮುಕಿಸಿದ. ಪಕ್ಕ ಕೂತು ಕಾಯತೊಡಗಿದ.

ಅಡುಗೆಮನೆ ಬಾಗಿಲಲ್ಲಿ ಬೊಮ್ಮಕ್ಕ ಸೌಟು ಹಿಡಿದು ನಿಂತಿದ್ದಳು. ಮುಗಿಯಿತು ಅಂದುಕೊಂಡಳು. ಕಾಟಯ್ಯ ಕೈತೊಳೆಯಲು ಎದ್ದೇಬಿಟ್ಟಿದ್ದ.

ಜುಂಜಮ್ಮ ಬಾಗಿಲ ಹಿಂದೆ ಕೂತಿದ್ದವಳು ಎದ್ದು ಬಂದಳು. ಮುಳ್ಳು ಮುಚ್ಚಿದ ಎಲೆ ನೋಡಿದಳು, ಅದರ ಪಕ್ಕದವನನ್ನು ನೋಡಿದಳು.

"ಇದಕ್ಕೆ ಯಾಕೆ ಮುಳ್ಳು?" ಅಂತ ಕೇಳಿದಳು.

"ಚಿಗುರಬೇಕಲ್ಲ."

ಅವಳು ನಗಲಿಲ್ಲ. "ಸರಿ. ಕರು ಕೂಗ್ತಾ ಇದೆ, ನೋಡ್ಕೊಂಡು ಬಾ. ಅಲ್ಲೀತನಕ ನಾನು ಕಾಯ್ತೀನಿ. ಯಾರಿಗೂ ಮುಟ್ಟೋಕೆ ಬಿಡಲ್ಲ" ಅಂದಳು.

ಕ್ಯಾತಣ್ಣ ಎದ್ದು ಹೋದ. ಜುಂಜಮ್ಮ ಬೊಮ್ಮಕ್ಕನ ಕೈಯಿಂದ ಸೌಟು ತಗೊಂಡು, ಮುಳ್ಳು ಸರಿಸಿ, ಬಿಸಿ ಮುದ್ದೆ ಇಟ್ಟು, ಸಾರು ಬಿಟ್ಟು, ಪಕ್ಕಕ್ಕೆ ಎರಡು ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದು, ಮತ್ತೆ ಮುಳ್ಳು ಮುಚ್ಚಿದಳು. ಕಾಟಯ್ಯ ಮಗಳ ಮುಖ ನೋಡಿದ, ಅವಳು ಒಪ್ಪಿದ್ದು ತಿಳಿದು ತಿರುಗಿ ಬಂದು ಕೂತ. ಬೊಮ್ಮಕ್ಕನ ಕಣ್ಣು ಮಂಜಾಯಿತು, ಒಲೆಯ ಹೊಗೆ ಅಂತ ಸೆರಗಿನಲ್ಲಿ ಒರೆಸಿಕೊಂಡಳು.

ಕ್ಯಾತಣ್ಣ ಬಂದು ಮುಳ್ಳೆತ್ತಿ ನೋಡಿದ. ಎಲೆ ಚಿಗುರಿಬಿಟ್ಟಿತ್ತು, ಮುದ್ದೆ ಹಬೆಯಾಡುತ್ತಿತ್ತು. ಬಹಳ ಹೊತ್ತು ಬಗ್ಗಿ ನೋಡಿದ. ಆಮೇಲೆ ಹಿತ್ತಿಲಿಗೆ ಓಡಿ ಒಂದು ಹೊರೆ ಮುಳ್ಳು ಹೊತ್ತು ತಂದು, ನೆಂಟರ ಮುಂದಿನ ಎಲೆಗಳಿಗೆಲ್ಲ ಮುಚ್ಚಿ, ನೀರು ಚಿಮುಕಿಸಿ, ಒಬ್ಬೊಬ್ಬರನ್ನೇ ರಟ್ಟೆ ಹಿಡಿದು ಹೊರಗೆ ಕಳಿಸಿದ.

"ಈ ನೆಲ ಬಹಳ ಚೆನ್ನಾಗಿದೆ ಅವ್ವ, ಇಷ್ಟು ಬೇಗ ಚಿಗುರುತ್ತೆ. ಇವರನ್ನೆಲ್ಲ ಇನ್ನು ಇಲ್ಲೇ ಇಟ್ಕೊಳ್ಳೋಣ" ಅಂದ. ಹೊರಗೆ ನಿಂತವರಿಗೆ, ಒಣಹುಲ್ಲು ಒಂದಿಷ್ಟು ತಿಂದಿರಲಿ ಅಂತ, ಒಂದೊಂದು ಕಟ್ಟು ಕೊಟ್ಟ.